ಅವಿಲಾದ ಪುಟ್ಟ ಶಾಯಿಚಿತ್ರ: ಮೇಲಿನಿಂದ ಕಂಡ ಶಿಲುಬೆ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ತಪಸ್ಸುಕಾಲದಲ್ಲಿ ನೀಡಿದ ಉಪನ್ಯಾಸದ ಪಾಠ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಕಟ್ಟಡದ ಚರಿತ್ರೆಯನ್ನೂ ಸೇವೆ ಸಲ್ಲಿಸಿದ ಗುರುಗಳ ನೆನಪನ್ನೂ ಇತರರು ನಿಮ್ಮ ಮುಂದಿಟ್ಟಿದ್ದಾರೆ. ನಾವು ಈ ಹೊತ್ತು ಮಾತನಾಡಲು ಆರಿಸಿಕೊಂಡಿರುವುದು ಬೇರೊಂದು ವಿಷಯ. ಈ ನೂರು ವರ್ಷಗಳಲ್ಲಿ ಈ ದೇವಾಲಯದೊಳಗೆ ಕಾಲಿಟ್ಟ ಪ್ರತಿಯೊಬ್ಬರೂ ತಪ್ಪದೆ ನೋಡಿದ ವಸ್ತು ಯಾವುದು? ಬಲಿಪೀಠದ ಮೇಲಿರುವ ಶಿಲುಬೆ. ಜ್ಞಾನಸ್ನಾನಕ್ಕೆ ತಂದ ಕೂಸು ಅದರ ಮುಂದೆ ಅತ್ತಿದೆ. ವಿವಾಹದ ದಿನ ವಧೂವರರು ಅದರ ಮುಂದೆ ನಿಂತಿದ್ದಾರೆ. ನಮ್ಮ ಹಿರಿಯರ ಶವಪೆಟ್ಟಿಗೆಗಳನ್ನು ಕೊನೆಯ ಸಲ ಇಳಿಸಿದ್ದೂ ಅದರ ಮುಂದೆಯೇ. ಆದರೆ ಒಂದು ಮಾತನ್ನು ಗಮನಿಸಬೇಕು. ನಾವೆಲ್ಲರೂ ಆ ಶಿಲುಬೆಯನ್ನು ಒಂದೇ ದಿಕ್ಕಿನಿಂದ, ಎದುರಿನಿಂದ ಮತ್ತು ಕೆಳಗಿನಿಂದ, ನೋಡಿದ್ದೇವೆ. ನೂರು ವರ್ಷ ಒಂದೇ ಕಡೆಯಿಂದ ನೋಡಿದ ವಸ್ತು ಕಣ್ಣಿಗೆ ಒಗ್ಗಿಹೋಗುತ್ತದೆ. ಒಗ್ಗಿದ್ದನ್ನು ನಾವು ನೋಡುವುದಿಲ್ಲ; ನೋಡಿದೆವೆಂದು ಭಾವಿಸುತ್ತೇವೆ.

ಇದೇ ಶಿಲುಬೆಯನ್ನು ಮತ್ತೊಂದು ಕಡೆಯಿಂದ ಕಂಡು, ಕಂಡದ್ದನ್ನು ಲೇಖನಿಯಿಂದ ಚಿತ್ರಿಸಿದ ಒಬ್ಬ ಸಂತರಿದ್ದಾರೆ. ಅವರೇ ಶಿಲುಬೆಯ ಸಂತ ಯೊವಾನ್ನರು. ಅವರ ಆ ಚಿತ್ರವನ್ನು ಅರ್ಥಮಾಡಿಕೊಳ್ಳುವುದೇ ನಮ್ಮ ಈ ಹೊತ್ತಿನ ಪ್ರಯತ್ನ.

ಚಿತ್ರ ಇರುವುದು ಸ್ಪೇನ್ ದೇಶದ ಅವಿಲಾ ಪಟ್ಟಣದಲ್ಲಿ, ಮನುಷ್ಯಾವತಾರದ ಹೆಸರನ್ನು ಹೊತ್ತ ಕಾರ್ಮೆಲ್ ಕನ್ಯಾಸ್ತ್ರೀಯರ ಮಠದಲ್ಲಿ. ಅದನ್ನು ಒಂದು ಪವಿತ್ರ ಸಂಪುಟದಲ್ಲಿರಿಸಿ ಕಾಪಾಡಲಾಗಿದೆ. ಅದರ ಹೆಸರನ್ನು ಕೇಳಿ ದೊಡ್ಡ ಪಟವೊಂದನ್ನು ಕಲ್ಪಿಸಿಕೊಂಡವರಿಗೆ ಆಶ್ಚರ್ಯವಾದೀತು. ಅದರ ಎತ್ತರ ಸುಮಾರು 6 ಸೆಂಟಿಮೀಟರು, ಅಗಲ ಸುಮಾರು 5 ಸೆಂಟಿಮೀಟರು. ನಮ್ಮ ಪ್ರಾರ್ಥನಾ ಪುಸ್ತಕದಲ್ಲಿ ಗುರುತಿಗಾಗಿ ಇಟ್ಟುಕೊಳ್ಳುವ ಸಂತರ ಪಟಕ್ಕಿಂತಲೂ ಚಿಕ್ಕದು. ಒಂದು ತುಂಡು ಕಾಗದ, ಒಂದು ಲೇಖನಿ, ಸ್ವಲ್ಪ ಶಾಯಿ. ಬಣ್ಣವಿಲ್ಲ. ಮಾತೆ ಮರಿಯಮ್ಮನವರಿಲ್ಲ, ಪ್ರಿಯ ಶಿಷ್ಯ ಯೊವಾನ್ನನಿಲ್ಲ, ಸೈನಿಕರಿಲ್ಲ, ಜೆರುಸಲೇಮಿನ ಗೋಡೆಗಳಿಲ್ಲ. ಶಿಲುಬೆ ಮತ್ತು ಅದರ ಮೇಲಿನ ದೇಹ, ಇಷ್ಟೇ.

ಆ ದೇಹವನ್ನು ಬಿಡಿಸಿರುವ ರೀತಿಯಾದರೋ ಅಪೂರ್ವವಾದುದು. ಶಿಲುಬೆ ನಮಗೆ ನೇರವಾಗಿ ಎದುರಿಗೆ ನಿಂತಿಲ್ಲ, ಓರೆಯಾಗಿದೆ. ನಾವು ಅದನ್ನು ಪಕ್ಕದಿಂದಲೂ ಮೇಲಿನಿಂದಲೂ ನೋಡುತ್ತಿದ್ದೇವೆ. ತಲೆ ಎದೆಯ ಮೇಲೆ ಜೋತುಬಿದ್ದಿದೆ; ಮುಖ ಕಾಣುವುದಿಲ್ಲ. ತೋಳುಗಳು ಹಗ್ಗದಂತೆ ಬಿಗಿದುಕೊಂಡಿವೆ. ಅಂಗೈಗಳನ್ನು ದಪ್ಪ ಮೊಳೆಗಳು ಹಿಡಿದಿವೆ. ದೇಹ ಮರಕ್ಕೆ ಒರಗಿಕೊಂಡಿಲ್ಲ. ಅದು ಮರದಿಂದ ಮುಂದಕ್ಕೆ ಬಾಗಿ, ಬೀಳುವುದರಲ್ಲಿದೆ. ಕಾಲುಗಳಲ್ಲಿ ನಿಲ್ಲುವ ಶಕ್ತಿ ಉಳಿದಿಲ್ಲ. ಮೊಳೆಗಳನ್ನು ಕಿತ್ತರೆ ಆ ದೇಹ ನೇರವಾಗಿ ನೆಲಕ್ಕೆ, ಅಥವಾ ನೋಡುವವನ ಕೈಗೆ, ಬೀಳುತ್ತದೆ.

ಇದನ್ನು ಬಿಡಿಸಿದವರು ಯಾರೆಂದು ಸ್ವಲ್ಪ ತಿಳಿಯೋಣ. 1542ರಲ್ಲಿ ಫೊಂತಿವೆರೋಸ್ ಎಂಬ ಹಳ್ಳಿಯಲ್ಲಿ ಬಡ ನೇಕಾರರ ಮನೆಯಲ್ಲಿ ಹುಟ್ಟಿದ ಹ್ವಾನ್ ದೆ ಯೇಪೆಸ್ ಅವರು. ತಂದೆ ಬೇಗನೆ ತೀರಿಕೊಂಡರು. ತಾಯಿ ಕತಲೀನಾ ಅವರು ಮಕ್ಕಳನ್ನು ಕಟ್ಟಿಕೊಂಡು ಊರಿಂದೂರಿಗೆ ಅಲೆದು ಕೊನೆಗೆ ಮೆದೀನಾ ಪಟ್ಟಣದಲ್ಲಿ ನೆಲೆಸಿದರು. ಅಲ್ಲಿ ಬಾಲಕ ಯೊವಾನ್ನ ಬಡಗಿಯ ಕೆಲಸ, ದರ್ಜಿಯ ಕೆಲಸ, ಮರದ ಕೆತ್ತನೆ, ಚಿತ್ರ ಬರೆಯುವುದು, ಇವುಗಳಿಗೆಲ್ಲ ಒಂದೊಂದಾಗಿ ಸೇರಿ ನೋಡಿದನು. ಬಳಿಕ ಸಾಂಕ್ರಾಮಿಕ ರೋಗಿಗಳ ಆಸ್ಪತ್ರೆಯಲ್ಲಿ ಸೇವಕನಾದನು. ನರಳುವ ದೇಹ ಹೇಗಿರುತ್ತದೆಂಬುದನ್ನು ಅವನು ಪುಸ್ತಕದಿಂದ ಕಲಿಯಲಿಲ್ಲ. 1563ರಲ್ಲಿ ಕಾರ್ಮೆಲ್ ಸಭೆಯನ್ನು ಸೇರಿ, 1567ರಲ್ಲಿ ಗುರುಪಟ್ಟವನ್ನು ಪಡೆದರು. ಅದೇ ವರ್ಷ ಅವಿಲಾದ ಸಂತ ತೆರೇಸಮ್ಮನವರ ಪರಿಚಯವಾಯಿತು. 1568ರ ನವೆಂಬರಿನಲ್ಲಿ ದುರುವೆಲೋ ಎಂಬ ಕುಗ್ರಾಮದ ಒಂದು ಹಳೆಯ ಮನೆಯಲ್ಲಿ ಸುಧಾರಿತ ಕಾರ್ಮೆಲಿನ ಪುರುಷರ ಮೊದಲನೆಯ ಮಠ ಪ್ರಾರಂಭವಾಯಿತು.

ಆ ದುರುವೆಲೋ ಮಠವನ್ನು ಮಾರನೆಯ ವರ್ಷದ ತಪಸ್ಸುಕಾಲದಲ್ಲಿ ನೋಡಿದ ತೆರೇಸಮ್ಮನವರು ತಮ್ಮ ಗ್ರಂಥವೊಂದರಲ್ಲಿ ಬರೆದಿಟ್ಟ ಒಂದು ಸಂಗತಿ ನಮಗಿಲ್ಲಿ ಬೇಕಾಗಿದೆ. ತೀರ್ಥದ ಪಾತ್ರೆಯ ಬಳಿ ಒಂದು ಸಣ್ಣ ಮರದ ಶಿಲುಬೆ ಇತ್ತಂತೆ. ಅದಕ್ಕೆ ಕಾಗದದ ಮೇಲಿನ ಕ್ರಿಸ್ತರ ಚಿತ್ರವೊಂದನ್ನು ಅಂಟಿಸಿದ್ದರು. ಕುಶಲ ಕೆಲಸದ ಶಿಲುಬೆಗಿಂತಲೂ ಆ ಬಡ ಶಿಲುಬೆ ತಮ್ಮಲ್ಲಿ ಹೆಚ್ಚು ಭಕ್ತಿಯನ್ನು ಹುಟ್ಟಿಸಿತೆಂದು ಆ ತಾಯಿ ತಿಳಿಸಿದ್ದಾರೆ. ಕಾಗದದ ತುಂಡಿನ ಮೇಲೆ ಕ್ರಿಸ್ತರು, ಅದರ ಮುಂದೆ ಪ್ರಾರ್ಥನೆ: ಈ ಅಭ್ಯಾಸ ಆ ಮಠದ ಬಡತನದಲ್ಲಿಯೇ ಬೆಳೆದಿತ್ತು.

1571ರಲ್ಲಿ ತೆರೇಸಮ್ಮನವರು ಅವಿಲಾದ ಮನುಷ್ಯಾವತಾರ ಮಠಕ್ಕೆ ಮಠಾಧಿಕಾರಿಣಿಯಾದರು. ನೂರಕ್ಕೂ ಹೆಚ್ಚು ಕನ್ಯಾಸ್ತ್ರೀಯರಿದ್ದ ಆ ಮಠ ಬಡತನದಿಂದಲೂ ಒಡಕಿನಿಂದಲೂ ನರಳುತ್ತಿತ್ತು. ಅವರ ಆತ್ಮಗುರುವಾಗಿ ತೆರೇಸಮ್ಮನವರು 1572ರಲ್ಲಿ ಯೊವಾನ್ನರನ್ನು ಕರೆಸಿಕೊಂಡರು. ಮಠದ ಪಕ್ಕದ ಚಿಕ್ಕ ಮನೆಯೊಂದರಲ್ಲಿ ಇದ್ದುಕೊಂಡು, 1577ರ ಕೊನೆಯ ತನಕ ಅವರು ಪಾಪನಿವೇದನೆಗಳನ್ನು ಕೇಳುತ್ತ ರೋಗಿಗಳನ್ನು ಸಂತೈಸುತ್ತ ಕಾಲಕಳೆದರು. ಈ ಅವಧಿಯಲ್ಲಿಯೇ, 1574 ಮತ್ತು 1577ರ ನಡುವೆ, ಒಂದು ದಿನ ಪ್ರಾರ್ಥನೆಯಲ್ಲಿದ್ದಾಗ ಅವರಿಗೆ ಶಿಲುಬೆಗೇರಿದ ಯೇಸುಸ್ವಾಮಿಯವರ ದರ್ಶನವಾಯಿತೆಂದು ಮಠದ ಪರಂಪರೆ ಹೇಳುತ್ತದೆ. ಕಂಡದ್ದನ್ನು ಅವರು ಲೇಖನಿಯಿಂದ ಕಾಗದದ ಮೇಲಿಳಿಸಿದರು. ಆಮೇಲೆ ಅದನ್ನು ತಮ್ಮ ಬಳಿ ಇಟ್ಟುಕೊಳ್ಳದೆ, ಯೇಸುವಿನ ಆನಾ ಮರೀಯಾ ಎಂಬ ಕನ್ಯಾಸ್ತ್ರೀಗೆ ಕೊಟ್ಟುಬಿಟ್ಟರು. ಆಕೆ ಅದನ್ನು ಬಾಳಿನುದ್ದಕ್ಕೂ ಜೋಪಾನ ಮಾಡಿದರು. ಚಿತ್ರದ ಅರ್ಥ ಇಂಥದೆಂದು ಸಂತರು ಎಲ್ಲಿಯೂ ಬರೆದಿಡಲಿಲ್ಲ. ಆದುದರಿಂದ ನಾವು ಚಿತ್ರವನ್ನೇ ಕೇಳಬೇಕು.

ಮೊದಲನೆಯದಾಗಿ ಚಿತ್ರ ನಮಗೆ ತೋರಿಸುವುದು ಭಾರವನ್ನು.

ಶ್ರೀಸಭೆಯ ಪ್ರಾಚೀನ ಶಿಲುಬೆಗಳಲ್ಲಿ ಕ್ರಿಸ್ತರನ್ನು ಜಯಶಾಲಿಯಾದ ಅರಸರಂತೆ ತೋರಿಸುವ ಪದ್ಧತಿಯಿತ್ತು. ಸಂತ ಫ್ರಾನ್ಸಿಸ್ ಅಸ್ಸೀಸಿಯವರು ಪ್ರಾರ್ಥಿಸಿದ ಸಂತ ದಮಿಯಾನೋ ದೇವಾಲಯದ ಶಿಲುಬೆಯನ್ನು ನಿಮ್ಮಲ್ಲಿ ಹಲವರು ಪಟದಲ್ಲಿ ನೋಡಿರಬಹುದು: ಕಣ್ಣು ತೆರೆದಿದೆ, ದೇಹ ನೆಟ್ಟಗಿದೆ, ತೋಳುಗಳು ಆಶೀರ್ವಾದಕ್ಕೆಂಬಂತೆ ಚಾಚಿವೆ. ಮರಣವನ್ನು ಗೆದ್ದ ದೇವಪುತ್ರನನ್ನು ಅದು ಸಾರುತ್ತದೆ. ಹದಿಮೂರನೆಯ ಶತಮಾನದಿಂದೀಚೆಗೆ ನೋವನ್ನುಣ್ಣುವ ಕ್ರಿಸ್ತರನ್ನು ತೋರಿಸುವುದು ಹೆಚ್ಚಾಯಿತು; ಕಣ್ಣು ಮುಚ್ಚಿತು, ತಲೆ ಬಾಗಿತು, ಗಾಯಗಳಿಂದ ರಕ್ತ ಹರಿಯಿತು. ಎರಡೂ ಸತ್ಯವೇ. ಆದರೆ ಈ ಎರಡು ಬಗೆಯ ಶಿಲುಬೆಗಳಲ್ಲಿಯೂ ದೇಹ ಸಾಮಾನ್ಯವಾಗಿ ಮರಕ್ಕೆ ಅಂಟಿಕೊಂಡಿರುತ್ತದೆ. ಮರ ದೇಹವನ್ನು ಹೊತ್ತಂತೆ ಕಾಣುತ್ತದೆ. ಯೊವಾನ್ನರ ಚಿತ್ರದಲ್ಲಿ ಮರ ಏನನ್ನೂ ಹೊರುವುದಿಲ್ಲ. ಹೊರುತ್ತಿರುವುದು ಮೊಳೆ ಹೊಡೆದ ಎರಡು ಕೈಗಳು ಮಾತ್ರ. ಪಕ್ಕದಿಂದ ನೋಡಿದಾಗಲೇ ಈ ಸಂಗತಿ ಬಯಲಾಗುತ್ತದೆ. ಎದುರಿನಿಂದ ತೆರೆದ ತೋಳುಗಳಾಗಿ ಕಾಣುವುದು ಪಕ್ಕದಿಂದ ಜಗ್ಗಿದ ತೋಳುಗಳಾಗಿ ಕಾಣುತ್ತದೆ.

ಶುಭಸಂದೇಶಕಾರರು ನಾಲ್ವರೂ ಈ ಘಟ್ಟದಲ್ಲಿ ಅತ್ಯಂತ ಮಿತಭಾಷಿಗಳು. ಅವರನ್ನು ಶಿಲುಬೆಗೇರಿಸಿದರೆಂಬ ಒಂದು ಮಾತಿನಲ್ಲಿ ಮುಗಿಸುತ್ತಾರೆ. ಮೊಳೆ ಹೇಗೆ ಹೊಡೆದರು, ದೇಹ ಹೇಗೆ ತೂಗಿತು ಎಂಬುದನ್ನು ವರ್ಣಿಸುವುದಿಲ್ಲ. ಆ ಕಾಲದ ಓದುಗರಿಗೆ ಅದನ್ನು ವರ್ಣಿಸಬೇಕಾಗಿರಲಿಲ್ಲ. ರೋಮನ್ನರ ರಸ್ತೆಗಳ ಬದಿಯಲ್ಲಿ ಅವರು ಅದನ್ನು ಕಂಡಿದ್ದರು. ನಾವು ಕಂಡವರಲ್ಲ. ನಮಗೆ ಶಿಲುಬೆ ಚಿನ್ನದ ಸರದಲ್ಲಿದೆ, ಗೋಪುರದ ತುದಿಯಲ್ಲಿದೆ, ಕೆಲವೊಮ್ಮೆ ವಿದ್ಯುದ್ದೀಪಗಳಲ್ಲಿಯೂ ಇದೆ. ಅದಕ್ಕೆ ಭಾರವಿದೆಯೆಂಬುದು ಮರೆತುಹೋಗಿದೆ. ಈ ಆರು ಸೆಂಟಿಮೀಟರಿನ ಕಾಗದ ಆ ಭಾರವನ್ನು ಮರಳಿ ನಮ್ಮ ಮುಂದಿಡುತ್ತದೆ.

ಎರಡನೆಯದು, ಮುಖ ಕಾಣದಿರುವುದು.

ನಮ್ಮ ಮನೆಗಳ ಪಟಗಳಲ್ಲಿ ಯೇಸುಸ್ವಾಮಿಯವರ ಮುಖವೇ ಮುಖ್ಯ. ನೋವಿನಲ್ಲಿಯೂ ಅದು ಸೌಮ್ಯವಾಗಿರುತ್ತದೆ, ನಮ್ಮನ್ನು ನೋಡುತ್ತಿರುತ್ತದೆ. ಯೊವಾನ್ನರು ಕಂಡ ಕ್ರಿಸ್ತರು ಯಾರನ್ನೂ ನೋಡುತ್ತಿಲ್ಲ. ಭಕ್ತನಿಗೆ ಅಲ್ಲಿಂದ ಒಂದು ನೋಟದ ಸಮಾಧಾನವೂ ದೊರೆಯುವುದಿಲ್ಲ. ದೇವರ ಮುಖ ಕಾಣದ ಕತ್ತಲೆಯನ್ನು ಕುರಿತು ಮುಂದೆ ಇದೇ ಸಂತರು ವಿಸ್ತಾರವಾಗಿ ಬರೆದರು. ಆತ್ಮದ ಕತ್ತಲ ರಾತ್ರಿಯೆಂಬ ಮಾತು ಅವರಿಂದಲೇ ಲೋಕಪ್ರಸಿದ್ಧವಾಯಿತು. ಆ ಬೋಧನೆಯ ಬೀಜ ಈ ಚಿತ್ರದಲ್ಲಿದೆಯೆಂದು ನಮ್ಮ ಅಭಿಪ್ರಾಯ. ಪ್ರಾರ್ಥನೆಯಲ್ಲಿ ಬರಡುತನವನ್ನು ಅನುಭವಿಸುವ, ಎಷ್ಟು ಜಪಸರ ಹೇಳಿದರೂ ದೇವರು ಮುಖ ತಿರುಗಿಸಿಕೊಂಡಿದ್ದಾರೆಂದು ಕೊರಗುವ ವಿಶ್ವಾಸಿಗಳು ನಮ್ಮ ನಡುವೆಯೂ ಇದ್ದಾರೆ. ಈ ಚಿತ್ರದಲ್ಲಿ ಮುಖ ಕಾಣದಿರುವುದು ಕ್ರಿಸ್ತರು ತಿರುಗಿಕೊಂಡದ್ದರಿಂದ ಅಲ್ಲ. ನಮ್ಮ ಸಲುವಾಗಿ ತಲೆ ಬಾಗಿದ್ದರಿಂದ. ಈ ವ್ಯತ್ಯಾಸ ಸಣ್ಣದಲ್ಲ.

ಮೂರನೆಯದು, ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ: ಈ ಶಿಲುಬೆಯನ್ನು ನೋಡುತ್ತಿರುವವರು ಯಾರು? ಯಾವ ಸ್ಥಳದಲ್ಲಿ ನಿಂತರೆ ಶಿಲುಬೆ ಹೀಗೆ ಕಾಣುತ್ತದೆ? ಗೊಲ್ಗೊಥದಲ್ಲಿ ನೆಲದ ಮೇಲೆ ನಿಂತ ಯಾರಿಗೂ ಹೀಗೆ ಕಾಣುತ್ತಿರಲಿಲ್ಲ. ಇದಕ್ಕೆ ಮೂರು ಬಗೆಯ ಉತ್ತರಗಳನ್ನು ಕೊಡಬಹುದು.

ಒಂದು, ಸಹಜವಾದ ಉತ್ತರ. ಸಂತರು ಆಗ ಪ್ರಾರ್ಥಿಸುತ್ತಿದ್ದುದು ಬಲಿಪೀಠದ ಕಡೆಗೆ ತೆರೆದುಕೊಂಡ ಮೇಲಿನ ಮೊಗಸಾಲೆಯಲ್ಲಿ. ಅಲ್ಲಿಂದ ಕೆಳಗೆ ನೋಡಿದವರಿಗೆ ಎಲ್ಲವೂ ಮೇಲಿನಿಂದ, ಓರೆಯಾಗಿ ಕಾಣುತ್ತದೆ. ಇದು ಒಪ್ಪತಕ್ಕ ಮಾತು. ದೇವರು ದರ್ಶನ ಕೊಡುವಾಗ ಮನುಷ್ಯನು ಇರುವ ಜಾಗವನ್ನೂ ಅವನ ಕಣ್ಣಿನ ಅಭ್ಯಾಸವನ್ನೂ ಬಳಸಿಕೊಳ್ಳುತ್ತಾರೆಂಬುದರಲ್ಲಿ ಆಶ್ಚರ್ಯವಿಲ್ಲ. ಆದರೆ ಚಿತ್ರ ಹೇಗೆ ಹುಟ್ಟಿತೆಂದು ಈ ಉತ್ತರ ತಿಳಿಸುವುದೇ ಹೊರತು ಅದು ನಮಗೇನು ಹೇಳುತ್ತದೆಂದು ತಿಳಿಸುವುದಿಲ್ಲ.

ಎರಡು, ಆತ್ಮಗಳ ಪಾಲಕರಿಗೆ ಹೊಳೆಯುವ ಉತ್ತರ. ಮರಣಶಯ್ಯೆಯಲ್ಲಿರುವವರ ತುಟಿಗೆ ಗುರುಗಳು ಶಿಲುಬೆಯನ್ನು ಮುಟ್ಟಿಸುವುದನ್ನು ನೀವು ಕಂಡಿದ್ದೀರಿ. ಮಲಗಿರುವ ರೋಗಿಗೆ ಆ ಶಿಲುಬೆ ಎದುರಿಗೆ ನೆಟ್ಟಗೆ ಕಾಣುವುದಿಲ್ಲ. ಅತಿ ಸಮೀಪದಲ್ಲಿ, ಓರೆಯಾಗಿ, ತನ್ನ ಮೇಲೆ ಬೀಳುವಂತೆ ಬಾಗಿ ಬರುತ್ತದೆ. ಕಾಗದವನ್ನು ಸ್ವಲ್ಪ ತಿರುಗಿಸಿ ಹಿಡಿದರೆ ಯೊವಾನ್ನರ ಚಿತ್ರ ಹಾಗೆಯೇ ಕಾಣುತ್ತದೆಂದು ಹೇಳಿದವರಿದ್ದಾರೆ. ಇಲ್ಲಿ ಒಂದು ವಿಷಯ ನೆನಪಿಡತಕ್ಕದ್ದು. ಪವಿತ್ರ ಶುಕ್ರವಾರದ ಆರಾಧನೆಯಲ್ಲಿ ನಾವು ಒಬ್ಬೊಬ್ಬರಾಗಿ ಬಂದು ಮಂಡಿಯೂರಿ ಶಿಲುಬೆಗೆ ಮುತ್ತಿಡುವಾಗ, ವರ್ಷದಲ್ಲಿ ಒಂದೇ ಸಲ, ನಾವೂ ಅದನ್ನು ಈ ಸಂತರು ಕಂಡಂತೆಯೇ ಕಾಣುತ್ತೇವೆ: ಹತ್ತಿರದಿಂದ, ಬಾಗಿಕೊಂಡು, ಮೇಲಿನಿಂದ. ಆದರೆ ಸಾಲು ಮುಂದೆ ಸಾಗಬೇಕೆಂಬ ಅವಸರದಲ್ಲಿ ನೋಡುವುದಿಲ್ಲ.

ಮೂರು, ಧ್ಯಾನಶೀಲರು ಕೊಡುವ ಉತ್ತರ. ಮಗನನ್ನು ಮೇಲಿನಿಂದ ನೋಡುತ್ತಿರುವುದು ತಂದೆ. ಈ ಚಿತ್ರ ಸ್ವರ್ಗದ ಕಡೆಯಿಂದ ಕಂಡ ಶಿಲುಬೆ. ಸಂತರು ಹಾಗೆಂದು ಹೇಳಿದವರಲ್ಲ. ಇದು ಚಿತ್ರವನ್ನು ಧ್ಯಾನಿಸಿದವರ ಅರ್ಥನಿರೂಪಣೆ ಮಾತ್ರ. ಆದರೂ ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಏಕೆಂದರೆ ನಮ್ಮ ವಿಶ್ವಾಸದ ಅತಿ ನೋವಿನ ಪ್ರಶ್ನೆ ಇಲ್ಲಿಯೇ ಇದೆ.

ಮತ್ತಾಯ ಮತ್ತು ಮಾರ್ಕರ ಶುಭಸಂದೇಶಗಳು ನೆನಪಿನಲ್ಲಿಟ್ಟಿರುವ ಶಿಲುಬೆಯ ಮೇಲಿನ ಮಾತು ಒಂದೇ: ಇಪ್ಪತ್ತೆರಡನೆಯ ಕೀರ್ತನೆಯ ಆರಂಭದ ಆ ಕೂಗು, ದೇವರು ತನ್ನನ್ನು ಕೈಬಿಟ್ಟದ್ದೇಕೆಂಬ ಪ್ರಶ್ನೆ. ಮಗನು ಕೇಳಿದನು, ಆಕಾಶದಿಂದ ಉತ್ತರ ಬರಲಿಲ್ಲ. ಯೊರ್ದಾನ್ ನದಿಯಲ್ಲಿ ಸ್ವರ ಕೇಳಿಸಿತ್ತು, ರೂಪಾಂತರದ ಬೆಟ್ಟದಲ್ಲಿ ಕೇಳಿಸಿತ್ತು; ಗೊಲ್ಗೊಥದಲ್ಲಿ ಕೇಳಿಸಲಿಲ್ಲ. ಈ ದೇವಾಲಯದ ಹಿಂಬದಿಯ ಬೆಂಚುಗಳಲ್ಲಿ ಕುಳಿತು ಇದೇ ಪ್ರಶ್ನೆಯನ್ನು ಕೇಳಿಕೊಂಡವರು ಈ ನೂರು ವರ್ಷಗಳಲ್ಲಿ ಎಷ್ಟು ಮಂದಿ! ಎಳೆಯ ಮಗುವನ್ನು ಮಣ್ಣಿಗಿಟ್ಟ ತಾಯಿ. ಮಳೆ ಕೈಕೊಟ್ಟು ಹೊಲವನ್ನು ಕಳೆದುಕೊಂಡ ರೈತ. ದುಡಿಯಲು ಹೋದ ಮಗನಿಂದ ಪತ್ರ ಬಾರದ ಮನೆ. ಅವರೆಲ್ಲರೂ ಕೆಳಗಿನಿಂದ ಮೇಲಕ್ಕೆ ನೋಡಿ ಕೇಳಿದರು: ಮೇಲಿರುವವರು ನೋಡುತ್ತಿದ್ದಾರೆಯೇ?

ಈ ಚಿತ್ರ ಆ ಪ್ರಶ್ನೆಗೆ ಮಾತಿನಲ್ಲಿ ಉತ್ತರಿಸುವುದಿಲ್ಲ. ನಮ್ಮನ್ನು ಆ ಮೇಲಿನ ಸ್ಥಳಕ್ಕೆ ಕರೆದುಕೊಂಡು ಹೋಗಿ, ಅಲ್ಲಿಂದ ಏನು ಕಾಣುತ್ತದೆಂದು ತೋರಿಸುತ್ತದೆ. ಏನು ಕಾಣುತ್ತದೆ? ಮಗನ ನೆತ್ತಿ ಕಾಣುತ್ತದೆ, ಹೆಗಲು ಕಾಣುತ್ತದೆ, ಜಗ್ಗಿದ ತೋಳುಗಳು ಕಾಣುತ್ತವೆ. ಜ್ವರದಿಂದ ಮಲಗಿದ ಮಗುವಿನ ಮೇಲೆ ಬಾಗಿದ ತಾಯಿಗೆ ಮೊದಲು ಕಾಣುವುದು ಅದರ ನೆತ್ತಿಯೇ ಅಲ್ಲವೇ? ದೂರದಲ್ಲಿ ಸಿಂಹಾಸನದ ಮೇಲೆ ಕುಳಿತವರಿಗೆ ಹೀಗೆ ಕಾಣುವುದಿಲ್ಲ. ಬಾಗಿ ಹತ್ತಿರ ಬಂದವರಿಗೆ ಮಾತ್ರ ಕಾಣುತ್ತದೆ. ತಂದೆಯಾದ ದೇವರು ಶಿಲುಬೆಯ ಮೇಲೆ ಯಾತನೆಪಟ್ಟರೆಂದು ಶ್ರೀಸಭೆ ಬೋಧಿಸುವುದಿಲ್ಲ. ಆ ತಪ್ಪು ಬೋಧನೆಯನ್ನು ಅದು ಪ್ರಾಚೀನ ಕಾಲದಲ್ಲಿಯೇ ತಿರಸ್ಕರಿಸಿದೆ. ಯಾತನೆಪಟ್ಟವರು ಮನುಷ್ಯರಾದ ಮಗನು. ಆದರೆ ಕ್ರಿಸ್ತರಲ್ಲಿ ಲೋಕವನ್ನು ತಮ್ಮೊಡನೆ ಸಂಧಾನಗೊಳಿಸುತ್ತಿದ್ದವರು ದೇವರೇ ಎಂದು ಪ್ರೇಷಿತ ಪೌಲರು ಕೊರಿಂಥದವರಿಗೆ ಬೋಧಿಸಿದ್ದಾರೆ. ಆದುದರಿಂದ ಮೌನವಿತ್ತು, ಗೈರುಹಾಜರಿ ಇರಲಿಲ್ಲ. ಕೆಳಗಿರುವ ನಮಗೆ ಇವೆರಡೂ ಒಂದೇ ಎಂದು ತೋರುತ್ತದೆ. ಒಂದಲ್ಲವೆಂದು ತೋರಿಸುವುದೇ ಈ ಚಿತ್ರದ ಉಪಕಾರ. ನೋವು ಇದರಿಂದ ಕಡಿಮೆಯಾಗುವುದಿಲ್ಲ. ಮೊಳೆಗಳು ಅಲ್ಲಿಯೇ ಇವೆ. ಆದರೆ ಆ ನೋವನ್ನು ಒಬ್ಬರು ನೋಡುತ್ತಿದ್ದಾರೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ದರ್ಶನಗಳನ್ನು ನಂಬಿ ಮೋಸಹೋಗಬೇಡಿರೆಂದು ಯೊವಾನ್ನರಷ್ಟು ಕಟುವಾಗಿ ಎಚ್ಚರಿಸಿದ ಸಂತರು ವಿರಳ. ದೇವರು ತಮ್ಮ ಪುತ್ರನಲ್ಲಿ ಎಲ್ಲವನ್ನೂ ತಿಳಿಸಿಯಾಗಿದೆ, ಅದಕ್ಕಿಂತ ಹೆಚ್ಚಿನ ಪ್ರಕಟನೆಯನ್ನು ಹುಡುಕುವುದು ಸಲ್ಲದೆಂಬುದು ಅವರ ಬೋಧನೆಯ ಸಾರ. ಕಾರ್ಮೆಲ್ ಬೆಟ್ಟದ ಆರೋಹಣವನ್ನು ಕುರಿತ ತಮ್ಮ ಗ್ರಂಥದಲ್ಲಿ ಪ್ರತಿಮೆಗಳ ವಿಷಯವನ್ನೂ ಅವರು ವಿಚಾರಿಸಿದ್ದಾರೆ. ಪ್ರತಿಮೆಗಳನ್ನು ಗೌರವಿಸುವ ಶ್ರೀಸಭೆಯ ಸಂಪ್ರದಾಯ ಒಳ್ಳೆಯದೆಂದು ಒಪ್ಪುತ್ತಾರೆ. ಆದರೆ ಪ್ರತಿಮೆಗೆ ಬಟ್ಟೆಬರೆ ತೊಡಿಸಿ ಶೃಂಗರಿಸುವುದರಲ್ಲಿಯೇ ಮುಳುಗಿ, ಅದು ಯಾರನ್ನು ನೆನಪಿಸುತ್ತದೆಯೋ ಅವರನ್ನು ಮರೆಯುವ ಭಕ್ತಿಯನ್ನು ಖಂಡಿಸುತ್ತಾರೆ. ಹಾಗಿದ್ದಲ್ಲಿ ಅವರೇ ದರ್ಶನವನ್ನು ಚಿತ್ರವಾಗಿ ಬರೆದದ್ದು ಹೇಗೆ?

ಉತ್ತರ ಅವರ ನಡತೆಯಲ್ಲಿದೆ. ಅವರು ಅದನ್ನು ದೊಡ್ಡದಾಗಿ ಬರೆಯಲಿಲ್ಲ, ಚೌಕಟ್ಟು ಹಾಕಲಿಲ್ಲ, ಇದು ನನಗಾದ ದರ್ಶನವೆಂದು ಸಾರಲಿಲ್ಲ. ಬೇಕಾದವರಿಗೆ ಕೊಟ್ಟು ಕೈತೊಳೆದುಕೊಂಡರು. ಚಿತ್ರವನ್ನು ಅಂಗೈಯಲ್ಲಿ ಮುಚ್ಚಿಡಬಹುದು. ಅದು ಪ್ರದರ್ಶನಕ್ಕಲ್ಲ, ಪ್ರಾರ್ಥನೆಗೆ. ಖಾಸಗಿ ದರ್ಶನವನ್ನು ನಂಬಲೇಬೇಕೆಂದು ಶ್ರೀಸಭೆ ಯಾರನ್ನೂ ಒತ್ತಾಯಿಸುವುದಿಲ್ಲ. ಈ ಚಿತ್ರವೂ ವಿಶ್ವಾಸದ ವಿಧಿಯಲ್ಲ. ಶುಭಸಂದೇಶವನ್ನು ಓದಲು ನೆರವಾಗುವ ಒಂದು ದೀಪ.

ಶತಮಾನೋತ್ಸವದ ಈ ವರ್ಷದಲ್ಲಿ ಆ ಎಚ್ಚರಿಕೆ ನಮಗೂ ಸಲ್ಲುತ್ತದೆ. ಗೋಡೆಗೆ ಹೊಸ ಬಣ್ಣ ಬಂದಿದೆ, ಸ್ವರೂಪಗಳು ಹೊಳೆಯುತ್ತಿವೆ, ತೇರಿನ ಅಲಂಕಾರಕ್ಕೆ ಉದಾರವಾದ ಕಾಣಿಕೆಗಳು ಬಂದಿವೆ. ಇವೆಲ್ಲ ಸಂತೋಷದ ವಿಷಯಗಳೇ. ಆದರೆ ಪ್ರತಿಮೆಯ ಮೇಲಿನ ಧೂಳನ್ನು ಒರೆಸಿದ ಕೈ ನೆರೆಮನೆಯ ರೋಗಿಯ ಹಣೆಯನ್ನು ಮುಟ್ಟದಿದ್ದರೆ ಈ ಸಂತರು ನಮ್ಮ ಅಲಂಕಾರವನ್ನು ಮೆಚ್ಚುತ್ತಿದ್ದರೆಂದು ಹೇಳಲಾರೆವು.

ಚಿತ್ರವನ್ನು ಬರೆದ ಬಳಿಕ ನಡೆದುದನ್ನು ಗಮನಿಸಿದರೆ ಅದರ ಅರ್ಥ ಇನ್ನೂ ಆಳವಾಗುತ್ತದೆ. 1577ರ ಡಿಸೆಂಬರ್ 2ರ ರಾತ್ರಿ, ಸುಧಾರಣೆಯನ್ನು ವಿರೋಧಿಸುತ್ತಿದ್ದ ಅವರದೇ ಸಭೆಯ ಸಹೋದರರು ಯೊವಾನ್ನರನ್ನು ಆ ಚಿಕ್ಕ ಮನೆಯಿಂದ ಹಿಡಿದೊಯ್ದರು. ತೊಲೇದೋ ಪಟ್ಟಣದ ಮಠದಲ್ಲಿ, ಗೋಡೆಯ ಮೇಲ್ಭಾಗದ ಕಿಂಡಿಯೊಂದರಿಂದ ಮಾತ್ರ ಬೆಳಕು ಬರುತ್ತಿದ್ದ ಇಕ್ಕಟ್ಟಾದ ಕೋಣೆಯಲ್ಲಿ ಸುಮಾರು ಒಂಬತ್ತು ತಿಂಗಳು ಕೂಡಿಹಾಕಿದರು. ಹಸಿವು, ಚಳಿ, ಸೆಕೆ, ಚಾಟಿಯೇಟು ಎಲ್ಲವನ್ನೂ ಅನುಭವಿಸಿ 1578ರ ಆಗಸ್ಟ್ ತಿಂಗಳಲ್ಲಿ ಅವರು ತಪ್ಪಿಸಿಕೊಂಡರು. ಚಿತ್ರ ಬರೆದದ್ದು ಸೆರೆಮನೆಗೆ ಮುಂಚೆ ಎಂಬುದನ್ನು ಮರೆಯಬಾರದು. ತಮಗಾದ ನೋವನ್ನು ಅವರು ಕ್ರಿಸ್ತರ ಮೇಲೆ ಬರೆಯಲಿಲ್ಲ. ಕ್ರಿಸ್ತರಲ್ಲಿ ಮೊದಲು ಕಂಡುದನ್ನು ಆಮೇಲೆ ತಮ್ಮ ಮೈಮೇಲೆ ಹೊತ್ತರು. ಯೇಸುಸ್ವಾಮಿಯವರು ಸಕಲ ಆಸರೆಯನ್ನೂ ಕಳೆದುಕೊಂಡು ಏನೂ ಮಾಡಲಾರದೆ ತೂಗಿದ ಆ ಗಳಿಗೆಯಲ್ಲಿಯೇ, ತಮ್ಮ ಎಲ್ಲ ಅದ್ಭುತಗಳಿಗಿಂತಲೂ ದೊಡ್ಡದಾದ ಕಾರ್ಯವನ್ನು, ಅಂದರೆ ಮಾನವಕುಲವನ್ನು ದೇವರೊಡನೆ ಒಂದುಗೂಡಿಸುವ ಕಾರ್ಯವನ್ನು, ನೆರವೇರಿಸಿದರೆಂದು ಮುಂದೆ ಅವರು ಬೋಧಿಸಿದರು. ಜೋತುಬಿದ್ದ ಆ ದೇಹದ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಾಗಿಲ್ಲ. 1591ರ ಡಿಸೆಂಬರ್ 14ರಂದು ಊಬೆದಾ ಪಟ್ಟಣದಲ್ಲಿ ಅವರು ತೀರಿಕೊಂಡರು. 1726ರಲ್ಲಿ ಸಂತ ಪದವಿಯೂ 1926ರಲ್ಲಿ ಶ್ರೀಸಭೆಯ ಪಂಡಿತರೆಂಬ ಗೌರವವೂ ಅವರಿಗೆ ದೊರೆತವು.

ನಮ್ಮ ಕಾಲಕ್ಕೆ ಈ ಪುಟ್ಟ ಚಿತ್ರವನ್ನು ಜಗತ್ತಿಗೆಲ್ಲ ಪರಿಚಯಿಸಿದವರು ಸ್ಪೇನಿನ ಕಲಾವಿದ ಸಾಲ್ವದೋರ್ ದಾಲಿ. ಅದರಿಂದ ಪ್ರೇರಿತರಾಗಿ 1951ರಲ್ಲಿ ಅವರು ಸುಮಾರು 205 ಸೆಂಟಿಮೀಟರ್ ಎತ್ತರದ ವರ್ಣಚಿತ್ರವೊಂದನ್ನು ಬರೆದು, ಅದಕ್ಕೆ ಶಿಲುಬೆಯ ಸಂತ ಯೊವಾನ್ನರ ಕ್ರಿಸ್ತ ಎಂಬ ಹೆಸರನ್ನೇ ಇಟ್ಟರು. 1952ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರ ಅದನ್ನು 8,200 ಪೌಂಡುಗಳಿಗೆ ಕೊಂಡುಕೊಂಡಿತು. ಅಷ್ಟು ಹಣ ವ್ಯಯಿಸಿದ್ದಕ್ಕೆ ಆಗ ದೊಡ್ಡ ಪ್ರತಿಭಟನೆಯೇ ನಡೆಯಿತು. 1961ರಲ್ಲಿ ಸಂದರ್ಶಕನೊಬ್ಬ ಚಿತ್ರವನ್ನು ಹರಿದುಹಾಕಿದ, ಬಳಿಕ ಅದನ್ನು ಸರಿಪಡಿಸಲಾಯಿತು. ದಾಲಿಯವರ ಚಿತ್ರ ಅತಿ ಸುಂದರವಾದುದು: ಕತ್ತಲ ಆಕಾಶದಲ್ಲಿ ತೇಲುವ ಶಿಲುಬೆ, ಕೆಳಗೆ ಶಾಂತವಾದ ನೀರು, ದೋಣಿ, ಬೆಸ್ತರು. ಆದರೆ ಅಲ್ಲಿ ಮೊಳೆಯಿಲ್ಲ, ಮುಳ್ಳಿನ ಕಿರೀಟವಿಲ್ಲ, ರಕ್ತವಿಲ್ಲ; ದೇಹ ಬಲಿಷ್ಠವಾಗಿ, ಗಾಯವಿಲ್ಲದೆ ಇದೆ. ಬೇಕೆಂದೇ ಅವರು ಹಾಗೆ ಮಾಡಿದರು. ಕ್ರಿಸ್ತರ ಸೌಂದರ್ಯವನ್ನು ತೋರಿಸುವುದು ಅವರ ಉದ್ದೇಶವಾಗಿತ್ತು. ಅದನ್ನು ನಾವು ಹಳಿಯುವುದಿಲ್ಲ. ಪಾಸ್ಖದ ಬೆಳಕಿನಲ್ಲಿ ನೋಡಿದರೆ ಆ ಸೌಂದರ್ಯವೂ ಸತ್ಯವೇ. ಆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ದಾಲಿಯವರು ಸಂತರಿಂದ ನೋಟದ ಕೋನವನ್ನು ತೆಗೆದುಕೊಂಡರು, ಭಾರವನ್ನು ತೆಗೆದುಕೊಳ್ಳಲಿಲ್ಲ. ನರಳುವವರಿಗೆ ಬೇಕಾದದ್ದು ಆ ಭಾರವೇ. ತಮ್ಮಂತೆಯೇ ಜಗ್ಗಿದ ತೋಳುಗಳುಳ್ಳ ದೇವರು.

ಅವಿಲಾ ನಮಗೆ ಬಹು ದೂರದ ಊರೆಂದು ಭಾವಿಸಬೇಕಾಗಿಲ್ಲ. ತೆರೇಸಮ್ಮನವರೂ ಯೊವಾನ್ನರೂ ಸುಧಾರಿಸಿದ ಅದೇ ಕಾರ್ಮೆಲ್ ಸಭೆಯ ಗುರುಗಳು 1878ರಲ್ಲಿ ಯೇಸುಸಭೆಯವರು ಬರುವ ತನಕ ಮಂಗಳೂರು ಸೀಮೆಯ ವಿಶ್ವಾಸಿಗಳನ್ನು ಪಾಲಿಸಿದರು. 1870ರಲ್ಲಿ ಫ್ರಾನ್ಸಿನ ಪೋ ಪಟ್ಟಣದಿಂದ ಬಂದ ಕನ್ಯಾಸ್ತ್ರೀಯರು ಮಂಗಳೂರಿನಲ್ಲಿ ಕಾರ್ಮೆಲ್ ಏಕಾಂತಮಠವನ್ನು ಸ್ಥಾಪಿಸಿದರು. ಅವರೊಡನೆ ಬಂದು 1871ರಲ್ಲಿ ಅಲ್ಲಿಯೇ ವ್ರತ ಸ್ವೀಕರಿಸಿದ ಪಲೆಸ್ತೀನ್ ನಾಡಿನ ಮರಿಯಮ್ ಬವಾರ್ದಿಯವರು 2015ರಲ್ಲಿ ಸಂತರೆಂದು ಘೋಷಿತರಾದರು. ಮಠದಲ್ಲಿ ಅವರು ತಳೆದ ಹೆಸರು ಶಿಲುಬೆಗೇರಿದ ಯೇಸುವಿನ ಮರಿಯಳು. ಯೊವಾನ್ನರು ಕಾಗದದ ಮೇಲೆ ಬರೆದುದನ್ನು ಆಕೆ ಹೆಸರಾಗಿ ಹೊತ್ತು ನಮ್ಮ ನಾಡಿನ ಮಣ್ಣಿನಲ್ಲಿ ನಡೆದಾಡಿದರು.

ಪ್ರಿಯ ಸಹೋದರ ಸಹೋದರಿಯರೇ, ಈ ಮಾತುಗಳನ್ನು ಕೇಳಿದ ಬಳಿಕ ನಾವು ಮಾಡಬೇಕಾದದ್ದೇನು? ಚಿತ್ರಕಲೆಯ ಪಾಂಡಿತ್ಯ ನಮಗೆ ಬೇಕಾಗಿಲ್ಲ. ನಮ್ಮ ಸ್ಥಾನವನ್ನು ಸ್ವಲ್ಪ ಬದಲಾಯಿಸಿ ನೋಡುವ ಅಭ್ಯಾಸ ಬೇಕಾಗಿದೆ. ಶಿಲುಬೆಹಾದಿಯ ಹನ್ನೆರಡನೆಯ ಸ್ಥಳದಲ್ಲಿ ಮಂಡಿಯೂರಿದಾಗ, ಒಂದು ಕ್ಷಣ, ಆ ತೋಳುಗಳ ಮೇಲೆ ಬಿದ್ದ ಭಾರವನ್ನು ನೆನೆಯೋಣ. ಪವಿತ್ರ ಶುಕ್ರವಾರದಂದು ಮುತ್ತಿಡಲು ಬಾಗಿದಾಗ ಅವಸರ ಮಾಡದೆ, ಮರಣಶಯ್ಯೆಯಲ್ಲಿ ನಮ್ಮ ತುಟಿಗೂ ಒಮ್ಮೆ ಹೀಗೆಯೇ ಬರಲಿರುವ ಆ ದೇಹವನ್ನು ನೋಡೋಣ. ದುಃಖಿತರ ಮನೆಗೆ ಹೋದಾಗ ದೂರ ನಿಂತು ಉಪದೇಶ ಹೇಳದೆ, ಮೇಲಿನಿಂದ ಬಾಗಿ ನೋಡಿದ ಆ ತಂದೆಯಂತೆ ಹತ್ತಿರ ಹೋಗಿ ಬಾಗೋಣ. ಮಾತು ಹೊರಡದಿದ್ದರೆ ಚಿಂತೆಯಿಲ್ಲ. ಹತ್ತಿರವಿರುವವರ ಮೌನ ಮೌನವಾದರೂ ಅದು ಕೈಬಿಡುವಿಕೆಯಲ್ಲ.

ಇನ್ನು ನೂರು ವರ್ಷಗಳಾದ ಮೇಲೆ ಈ ದೇವಾಲಯದಲ್ಲಿ ಸೇರುವವರು ನಮ್ಮ ಹೆಸರುಗಳನ್ನು ಮರೆತಿರಬಹುದು. ಶಿಲುಬೆ ಮಾತ್ರ ಬಲಿಪೀಠದ ಮೇಲೆ ಇದ್ದೇ ಇರುತ್ತದೆ. ಅದನ್ನು ಅವರು ಎದುರಿನಿಂದ ನೋಡುವಾಗ, ಅದರ ಮೇಲ್ಗಡೆಯಿಂದಲೂ ನೋಡುವವರೊಬ್ಬರಿದ್ದಾರೆಂಬ ವಿಶ್ವಾಸವನ್ನು ನಮ್ಮಿಂದ ಪಡೆದವರಾಗಿರಲಿ. ಶಿಲುಬೆಯ ಸಂತ ಯೊವಾನ್ನರು ನಮಗಾಗಿ ಪ್ರಾರ್ಥಿಸಲಿ. ಶಿಲುಬೆಯ ಬುಡದಲ್ಲಿ ನಿಂತ ದೇವಮಾತೆ ನಮ್ಮ ಧರ್ಮಕೇಂದ್ರವನ್ನು ಕಾಪಾಡಲಿ.

ನಿಮಗೆಲ್ಲರಿಗೂ ಕ್ರಿಸ್ತನ ಶಾಂತಿಯುಂಟಾಗಲಿ.